ಮುಖದಲ್ಲಿ ನಗು ಇಲ್ಲ, ಮನಸ್ಸಿನಲ್ಲಿ? ಪಾರ್ಕಿನ್ಸನ್ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ನಡುಕ, ಬಿಗಿತ, ನಿಧಾನವಾಗುವ ನಡಿಗೆ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ನಡುಕದ ಬಗ್ಗೆ ಕೇಳಿದವರು ಕಡಿಮೆ. ಹೆಚ್ಚಿನವರು ಬರೆದದ್ದು ಭಯ, ಅಳು, ಸಿಟ್ಟು, ಮನೆಯೊಳಗಿನ ಮೌನದ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಪಾರ್ಕಿನ್ಸನ್ ಶುರುವಾಗಿ ಆರು ವರ್ಷ ಆಯಿತು. ಮಾತ್ರೆಯಿಂದ ನಡುಕ ಹಿಡಿತದಲ್ಲಿದೆ. ಆದರೆ ಮನುಷ್ಯರೇ ಬದಲಾಗಿಬಿಟ್ಟಿದ್ದಾರೆ. ಮೊಮ್ಮಗು ಮೊದಲ ಸಲ ಎದ್ದು ನಿಂತಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು, ಇವರ ಮುಖದಲ್ಲಿ ಏನೂ ಇಲ್ಲ. ಮೊನ್ನೆ ನಾನು ಎದುರಿಗೇ ಕೂತು ಅತ್ತರೂ ಏನಾಯ್ತು ಅಂತ ಕೇಳಲಿಲ್ಲ. ಇಷ್ಟು ವರ್ಷ ಬಾಳಿದ ಮೇಲೆ ನನ್ನ ಮೇಲಿನ ಅಕ್ಕರೆ ಹೋಯಿತಾ?

ಉತ್ತರ: ಇಲ್ಲಮ್ಮ, ದಯವಿಟ್ಟು ಹಾಗಂದುಕೊಳ್ಳಬೇಡಿ. ನೀವು ಹೇಳಿದ ಎರಡು ಘಟನೆಗಳಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ಎರಡಕ್ಕೂ ಕಾಯಿಲೆಯೇ ಕಾರಣ ಇರಬಹುದು.

ಮೊಮ್ಮಗುವಿನ ಘಟನೆ ಮೊದಲು ನೋಡೋಣ. ನಗುವುದಕ್ಕೂ ಸ್ನಾಯುಗಳು ಕೆಲಸ ಮಾಡಬೇಕು. ಪಾರ್ಕಿನ್ಸನ್‌ನಲ್ಲಿ ಕೈಕಾಲು ನಿಧಾನವಾದ ಹಾಗೇ ಮುಖದ ಸ್ನಾಯುಗಳೂ ನಿಧಾನವಾಗುತ್ತವೆ. ರೆಪ್ಪೆ ಬಡಿಯುವುದು ಕೂಡ ಕಡಿಮೆಯಾಗುತ್ತದೆ, ಅದಕ್ಕೇ ಅವರು ಸುಮ್ನೆ ದಿಟ್ಟಿಸಿ ನೋಡುತ್ತಿದ್ದಾರೆ ಅನ್ನಿಸುತ್ತದೆ. 'ಒಂದು ಸಲ ನಗಿ' ಅಂತ ಹೇಳಿದರೆ ಎಷ್ಟೋ ಜನ ನಗುತ್ತಾರೆ. ತಾನಾಗಿ ಉಕ್ಕಿ ಬರುವ ನಗುವಿಗೇ ಪೆಟ್ಟು ಜಾಸ್ತಿ. ಒಳಗೆ ಖುಷಿ ಇದ್ದು ಹೊರಗೆ ಕಾಣಿಸದೇ ಹೋಗುವುದು ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯ. ದನಿಯೂ ಹಾಗೇ. ಏರಿಳಿತ ಹೋಗಿ ಮೆತ್ತಗಾಗುತ್ತದೆ, ಕೇಳುವವರಿಗೆ ಆಸಕ್ತಿ ಇಲ್ಲದವರ ಮಾತಿನ ಹಾಗೆ ಕೇಳಿಸುತ್ತದೆ.

ನಿಮ್ಮ ಕಣ್ಣೀರಿನ ವಿಷಯ ಬೇರೆ. ಅಲ್ಲಿ ಅವರ ಮುಖಕ್ಕಿಂತ, ನಿಮ್ಮ ಮುಖವನ್ನು ಅವರ ಮಿದುಳು ಓದುವ ರೀತಿ ಮುಖ್ಯ. ಪಾರ್ಕಿನ್ಸನ್ ಇರುವವರಿಗೆ ಬೇರೆ ಬೇರೆ ಮುಖಗಳ ಫೋಟೋ ತೋರಿಸಿ 'ಇವರಿಗೆ ಏನನ್ನಿಸುತ್ತಿದೆ' ಅಂತ ಕೇಳುವ ಪರೀಕ್ಷೆಗಳು ಸಾಕಷ್ಟು ನಡೆದಿವೆ. ಸಂತೋಷದ ಮುಖವನ್ನು ಹೆಚ್ಚು ಕಡಿಮೆ ಸರಿಯಾಗಿಯೇ ಗುರುತಿಸುತ್ತಾರೆ. ಸಿಟ್ಟು, ಭಯ, ದುಃಖ, ಅಸಹ್ಯ ಬಂದಾಗ, ಅದೇ ವಯಸ್ಸಿನ ಬೇರೆಯವರಿಗಿಂತ ಜಾಸ್ತಿ ತಪ್ಪುತ್ತಾರೆ. ದನಿ ಕೇಳಿ ಹೇಳುವಾಗಲೂ ಇದೇ ತೊಂದರೆ. ಎಲ್ಲರಿಗೂ ಹೀಗಾಗುವುದಿಲ್ಲ, ಆಗುವವರಿಗೂ ಒಂದೇ ಮಟ್ಟದಲ್ಲಿ ಆಗುವುದಿಲ್ಲ.

ಯಾಕೆ ಅಂದರೆ, ಈ ಕಾಯಿಲೆಯಲ್ಲಿ ಡೋಪಮೈನ್ ಅನ್ನುವ, ನರಕೋಶಗಳ ನಡುವೆ ಸುದ್ದಿ ಮುಟ್ಟಿಸುವ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುತ್ತವೆ. ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಅನ್ನುವ ಭಾಗಕ್ಕೆ ಈ ಡೋಪಮೈನ್ ಬೇಕೇ ಬೇಕು. ಆ ಭಾಗದ ಕೆಲಸ ಕೈಕಾಲು ಆಡಿಸುವುದಷ್ಟೇ ಅಂತ ನಾವು ಓದಿಕೊಂಡಿದ್ದೇವೆ. ಆದರೆ ಭಯ, ಆಸೆ, ಬಹುಮಾನ, ಬೇಸರ ಇವನ್ನೆಲ್ಲ ಸಂಭಾಳಿಸುವ ಅಮಿಗ್ಡಲಾ ಮತ್ತು ಹಣೆಯ ಹಿಂದಿನ ಮಿದುಳಿನ ಜೊತೆಗೂ ಅದಕ್ಕೆ ನಂಟಿದೆ. ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಾವು ಇನ್ನೊಬ್ಬರ ನಗು ನೋಡಿದಾಗ ನಮ್ಮ ಕೆನ್ನೆಯ ಸ್ನಾಯುವೂ ಕಣ್ಣಿಗೆ ಕಾಣದಷ್ಟು ಮಿಡಿಯುತ್ತದೆ, ಕೆನ್ನೆಗೆ ಪುಟ್ಟ ಎಲೆಕ್ಟ್ರೋಡ್ ಅಂಟಿಸಿದರೆ ಅದು ಗೊತ್ತಾಗುತ್ತದೆ. ಪಾರ್ಕಿನ್ಸನ್ ಇರುವವರಲ್ಲಿ ಈ ಮಿಡಿತ ಮಂಕಾಗಿರುವುದು ಕಂಡುಬಂದಿದೆ. ಎದುರಿನವರ ಭಾವನೆ ಓದುವುದು ಕಷ್ಟವಾಗುವುದಕ್ಕೆ ಇದೂ ಒಂದು ಕಾರಣ ಅಂತ ಕೆಲವು ಸಂಶೋಧಕರು ಹೇಳುತ್ತಾರೆ.

ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆ ಬಗ್ಗೆ ಬರೆದಾಗ ಅವರು ಗಮನಿಸಿದ್ದು ಬರೀ 6 ಜನರನ್ನು. ಇಂದ್ರಿಯಗಳಿಗೂ ಬುದ್ಧಿಗೂ ಏನೂ ಆಗುವುದಿಲ್ಲ ಅಂತ ಬರೆದರು. ವೈದ್ಯಲೋಕ ಬಹಳ ಕಾಲ ಅದನ್ನೇ ನಂಬಿತು. ಇವತ್ತಿಗೂ ಕೆಲವು ಕ್ಲಿನಿಕ್ಕುಗಳಲ್ಲಿ ಬೆರಳು ತಟ್ಟಿಸಿ, ನಡೆಸಿ ನೋಡಿ, ಮಾತ್ರೆ ಬರೆದು ಕಳಿಸುತ್ತಾರೆ. ಮನಸ್ಸು ಹೇಗಿದೆ ಅಂತ ಕೇಳುವುದಿಲ್ಲ. ನನಗೆ ಇದರ ಬಗ್ಗೆ ನಿಜಕ್ಕೂ ಬೇಸರವಿದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಮುಖ ನೋಡಿ ತಿಳಿದುಕೊಳ್ಳಲಿ ಅಂತ ಕಾಯಬೇಡಿ, ಬಾಯಿಬಿಟ್ಟು ಹೇಳಿ. 'ಇವತ್ತು ನನಗೆ ಬೇಜಾರಾಗಿದೆ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತ್ಕೊಳ್ಳಿ' ಅನ್ನಿ. ಅವರನ್ನೂ ಕೇಳಿ: 'ಮಗು ನಿಂತಿದ್ದು ನೋಡಿ ಖುಷಿ ಆಯ್ತಾ?' ಉತ್ತರ ಬರಲು ಕೆಲವು ಸೆಕೆಂಡು ಜಾಸ್ತಿ ಹಿಡಿಯಬಹುದು. ಆ ಸೆಕೆಂಡುಗಳನ್ನು ಕೊಡಿ. ಅವರು ಹೌದು ಅಂದರೆ ನಂಬಿ, ಮುಖ ಏನೇ ಹೇಳಲಿ.

ಪ್ರಶ್ನೆ: ಪಾರ್ಕಿನ್ಸನ್ ಇರುವವರ ಭಾವನೆಗಳನ್ನು ಮಿದುಳಿನ ಅಲೆಗಳಲ್ಲಿ ಅಳೆಯುತ್ತಾರೆ ಅಂತ ಓದಿದೆ. ನನಗೂ ಈ ಕಾಯಿಲೆ ಇದೆ, ಕುತೂಹಲಕ್ಕೆ ಕೇಳುತ್ತಿದ್ದೇನೆ. ಅಲೆ ಅಂದರೆ ಏನು, ಅದರಲ್ಲಿ ಭಾವನೆ ಹೇಗೆ ಕಾಣುತ್ತದೆ?

ಉತ್ತರ: ಒಳ್ಳೆಯ ಪ್ರಶ್ನೆ ಸರ್, ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ. ನರಕೋಶಗಳು ಒಂದಕ್ಕೊಂದು ವಿದ್ಯುತ್ತು ಮತ್ತು ರಾಸಾಯನಿಕಗಳಿಂದ ಸುದ್ದಿ ಮುಟ್ಟಿಸುತ್ತವೆ. ಸಾವಿರಾರು ಕೋಶಗಳು ಒಟ್ಟಿಗೆ ಒಂದೇ ಲಯದಲ್ಲಿ ಕೆಲಸ ಮಾಡಿದಾಗ ಆ ವಿದ್ಯುತ್ತಿನ ಏರಿಳಿತ ತಲೆಬುರುಡೆ ದಾಟಿ ಚರ್ಮದವರೆಗೂ ಬರುತ್ತದೆ. ಅದು ತೀರಾ ಸಣ್ಣದು, ಮೈಕ್ರೋವೋಲ್ಟ್ ಲೆಕ್ಕ, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಅಳತೆ. ಅದನ್ನು ಹಿಡಿಯುವುದೇ ಇಇಜಿ. ಜರ್ಮನಿಯ ಹಾನ್ಸ್ ಬರ್ಗರ್ ಅನ್ನುವ ಮನೋವೈದ್ಯರು 1924ರಲ್ಲಿ ಮನುಷ್ಯರ ತಲೆಯಿಂದ ಇದನ್ನು ಮೊದಲು ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ಆರಾಮಾಗಿ ಕೂತಾಗ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ ಎದ್ದು ಕಾಣುತ್ತದೆ, ಕಣ್ಣು ಬಿಟ್ಟರೆ ಕುಗ್ಗುತ್ತದೆ. ಅದಕ್ಕೆ ಆಲ್ಫಾ ಅಂತ ಹೆಸರಿಟ್ಟವರೂ ಅವರೇ. ಅದಕ್ಕಿಂತ ನಿಧಾನದ್ದು ಥೀಟಾ, 4ರಿಂದ 8. ಇನ್ನೂ ನಿಧಾನದ್ದು ಡೆಲ್ಟಾ. ಆಲ್ಫಾಗಿಂತ ವೇಗದ್ದು ಬೀಟಾ, 13ರಿಂದ 30. ಈ ಬೀಟಾವನ್ನು ನೆನಪಿಟ್ಟುಕೊಳ್ಳಿ, ಕೊನೆಯ ಪ್ರಶ್ನೆಯಲ್ಲಿ ಬರುತ್ತದೆ.

ಭಾವನೆಯ ಪ್ರಯೋಗ ಹೀಗೆ ನಡೆಯುತ್ತದೆ. ಎಲೆಕ್ಟ್ರೋಡ್‌ಗಳಿರುವ ಬಟ್ಟೆಯ ಟೋಪಿ ಹಾಕುತ್ತಾರೆ, ಒಂದೊಂದು ಎಲೆಕ್ಟ್ರೋಡ್ ಕೆಳಗೂ ಕೂದಲು ಸರಿಸಿ ತಣ್ಣನೆಯ ಜೆಲ್ ಹಚ್ಚುತ್ತಾರೆ. ನೋವು ಇಲ್ಲ, ತಲೆಯೊಳಗೆ ಕರೆಂಟ್ ಬಿಡುವುದೂ ಇಲ್ಲ, ಬರೀ ಕೇಳಿಸಿಕೊಳ್ಳುವುದು. ಪರದೆ ಮೇಲೆ ಒಂದು ಕುರ್ಚಿಯ ಚಿತ್ರ ಬರುತ್ತದೆ. ಆಮೇಲೆ ಹಲ್ಲು ಕಿರಿದ ನಾಯಿ. ಆಮೇಲೆ ನಗುವ ಮಗು. ಒಂದು ಚಿತ್ರಕ್ಕೆ ಎದ್ದ ಅಲೆ ಬೇರೆ ಗದ್ದಲದಲ್ಲಿ ಮುಳುಗಿಹೋಗುತ್ತದೆ, ಅದಕ್ಕೆ ಒಂದೇ ಬಗೆಯ ಹತ್ತಾರು ಚಿತ್ರ ತೋರಿಸಿ ಸರಾಸರಿ ತೆಗೆಯುತ್ತಾರೆ. ಆಗ ಗದ್ದಲ ಕರಗಿ ಒಂದು ಆಕಾರ ಉಳಿಯುತ್ತದೆ. ಚಿತ್ರ ಬಂದು ಸೆಕೆಂಡಿನ ಮೂರನೇ ಒಂದು ಭಾಗ ಕಳೆಯುವ ಹೊತ್ತಿಗೆ, ನೆತ್ತಿಯ ಆಸುಪಾಸಿನಲ್ಲಿ ಒಂದು ಉಬ್ಬು ಏಳುತ್ತದೆ. ಕುರ್ಚಿಗೆ ಸಣ್ಣ ಉಬ್ಬು, ನಾಯಿಗೂ ಮಗುವಿಗೂ ದೊಡ್ಡದು. ಇದು ನನಗೆ ಮುಖ್ಯ ಅನ್ನುವ ಗಮನ ಅಲ್ಲಿ ಅಳತೆಗೆ ಸಿಗುತ್ತದೆ. ಪಾರ್ಕಿನ್ಸನ್ ಇರುವವರಲ್ಲಿ, ಅದರಲ್ಲೂ ಹಿಡಿಸದ, ಹೆದರಿಸುವ ಚಿತ್ರಗಳಿಗೆ, ಈ ಉಬ್ಬು ಚಿಕ್ಕದಾಗಿರುವುದನ್ನು ಕೆಲವು ಅಧ್ಯಯನಗಳು ಕಂಡಿವೆ. ಮೇಲೆ ಹೇಳಿದ ಫೋಟೋ ಪರೀಕ್ಷೆಯಲ್ಲಿ ಸಿಟ್ಟು, ದುಃಖ ತಪ್ಪುವುದಕ್ಕೂ ಇದಕ್ಕೂ ಹೊಂದಿಕೆ ಇದೆ ನೋಡಿ.

ಸುಮ್ಮನೆ ಕೂತಾಗಿನ ಅಲೆಗಳೂ ಬದಲಾಗುತ್ತವೆ. ಪಾರ್ಕಿನ್ಸನ್‌ನಲ್ಲಿ ಒಟ್ಟಾರೆ ಲಯ ನಿಧಾನದ ಕಡೆ ಸರಿಯುತ್ತದೆ, ಥೀಟಾ ಜಾಸ್ತಿಯಾಗುತ್ತದೆ. ನೆನಪು, ಯೋಚನೆ ಕುಂದಿದವರಲ್ಲಿ ಈ ಬದಲಾವಣೆ ಇನ್ನೂ ಹೆಚ್ಚು. ಸಂತೋಷ, ದುಃಖ, ಭಯ ಹುಟ್ಟಿಸುವ ವಿಡಿಯೋ ತುಣುಕು ತೋರಿಸಿ, ಅಲೆಗಳನ್ನು ಕಂಪ್ಯೂಟರಿಗೆ ಕೊಟ್ಟು ಯಾವ ಭಾವನೆ ಅಂತ ಗುರುತಿಸಲು ಕಲಿಸಿದ ಪ್ರಯೋಗಗಳೂ ಇವೆ. ಇವೆಲ್ಲ ಗುಂಪಿನ ಲೆಕ್ಕ. ನಿಮ್ಮೊಬ್ಬರ ಇಇಜಿ ಹಾಳೆ ನೋಡಿ ಈಗ ಇವರಿಗೆ ದುಃಖವಾಗಿದೆ ಅಂತ ಯಾವ ಡಾಕ್ಟರೂ ಹೇಳಲಾರರು.

ಪ್ರಶ್ನೆ: ತಲೆಗೆ ಪಟ್ಟಿ ಕಟ್ಟಿಕೊಂಡು ಮೊಬೈಲಿನಲ್ಲಿ ಮಿದುಳಿನ ಅಲೆ ನೋಡುವ ಸಾಧನ ಮಾರುತ್ತಾರೆ. ಪಾರ್ಕಿನ್ಸನ್ ಇದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದಾ?

ಉತ್ತರ: ಇಲ್ಲ. ಆಸ್ಪತ್ರೆಯ ಇಇಜಿಯಿಂದಲೂ ಪಾರ್ಕಿನ್ಸನ್ ಇದೆ ಅಂತ ತೀರ್ಮಾನಿಸುವುದಿಲ್ಲ. ನರರೋಗ ತಜ್ಞರು ನೋಡಿ, ಮಾತಾಡಿಸಿ, ಕೈಕಾಲು ಆಡಿಸಿ ತೀರ್ಮಾನಿಸುತ್ತಾರೆ. ಇನ್ನು ತಲೆ ಅಲ್ಲಾಡಿದರೂ, ಹಲ್ಲು ಕಚ್ಚಿದರೂ, ನಡುಕ ಬಂದರೂ ಸ್ನಾಯುವಿನ ವಿದ್ಯುತ್ತು ಬೆರೆತು ಅಲೆ ಕೆಡುತ್ತದೆ. ದುಡ್ಡು ಉಳಿಸಿ, ತಜ್ಞರ ಹತ್ತಿರ ಹೋಗಿ.

ಪ್ರಶ್ನೆ: ನನಗೆ 58 ವರ್ಷ. ದಿನಕ್ಕೆ ನಾಲ್ಕು ಸಲ ಲೆವೊಡೋಪಾ ಮಾತ್ರೆ. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಾಗ ಕಾರಣವಿಲ್ಲದೆ ಭಯ. ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಅಳು ಬರುತ್ತದೆ. ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಎಲ್ಲ ಸರಿ. ಮನೆಯವರು ಇದನ್ನು ನಾಟಕ ಅನ್ನುತ್ತಾರೆ.

ಉತ್ತರ: ನಾಟಕ ಅಲ್ಲ. ಈ ಪತ್ರವನ್ನು ಮನೆಯವರಿಗೆ ಓದಲು ಕೊಡಿ.

ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಕಾಯಿಲೆಯ ಮೊದಲ ವರ್ಷಗಳಲ್ಲಿ ಮಿದುಳು ಡೋಪಮೈನನ್ನು ಕೂಡಿಟ್ಟುಕೊಂಡು ಬೇಕಾದಾಗ ಬಳಸುತ್ತದೆ, ಹಾಗಾಗಿ ವ್ಯತ್ಯಾಸ ಗೊತ್ತಾಗುವುದಿಲ್ಲ. ವರ್ಷ ಕಳೆದ ಹಾಗೆ ಕೂಡಿಡುವ ಕೋಶಗಳು ಕಡಿಮೆಯಾಗುತ್ತವೆ. ಆಗ ಮಾತ್ರೆಯ ಬಲ ಇಳಿದ ಕೂಡಲೇ ಕೈಕಾಲು ಬಿಗಿಯುತ್ತದೆ. ಇದನ್ನು ಆಫ್ ಅನ್ನುತ್ತಾರೆ. ಕೈಕಾಲಿಗೆ ಆಫ್ ಬಂದ ಹಾಗೆ ಮನಸ್ಸಿಗೂ ಬರುತ್ತದೆ. ಭಯ, ಕುಗ್ಗು, ಕಿರಿಕಿರಿ, ಬೆವರು ಎಲ್ಲ ಅದರ ಭಾಗವೇ. ಕೆಲವರಿಗೆ ನಡುಕಕ್ಕಿಂತ ಇದೇ ದೊಡ್ಡ ಹಿಂಸೆ.

ಒಂದು ಕೆಲಸ ಮಾಡಿ. ಒಂದು ವಾರ ಒಂದು ಹಾಳೆಯಲ್ಲಿ ಮಾತ್ರೆ ತೆಗೆದುಕೊಂಡ ಹೊತ್ತು, ಊಟದ ಹೊತ್ತು, ಭಯ ಶುರುವಾದ ಹೊತ್ತು, ಇಳಿದ ಹೊತ್ತು ಇಷ್ಟನ್ನೇ ಬರೆದಿಡಿ. ಬೇರೇನೂ ಬೇಡ. ಡಾಕ್ಟರ್ ಆ ಹಾಳೆ ನೋಡಿದರೆ ಮಾತ್ರೆಯ ಹೊತ್ತು ಹತ್ತಿರ ಮಾಡಬೇಕೋ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಕೊಡಬೇಕೋ, ಲೆವೊಡೋಪಾವನ್ನು ಹೆಚ್ಚು ಹೊತ್ತು ಉಳಿಸುವ ಇನ್ನೊಂದು ಔಷಧಿ ಸೇರಿಸಬೇಕೋ ಅಂತ ತೀರ್ಮಾನಿಸಬಹುದು. ಊಟದ ಹೊತ್ತು ಯಾಕೆ ಬರೆಯಬೇಕು ಅಂದರೆ, ಪ್ರೋಟೀನ್ ಜಾಸ್ತಿ ಇರುವ ಊಟ ಲೆವೊಡೋಪಾ ಮಿದುಳಿಗೆ ಮುಟ್ಟುವುದಕ್ಕೆ ಅಡ್ಡ ಬರುತ್ತದೆ. ನೀವಾಗಿಯೇ ಮಾತ್ರೆ ಹೆಚ್ಚಿಸಿಕೊಳ್ಳಬೇಡಿ. ಎದೆನೋವು ಬಂದರೆ, ಅಥವಾ ಎದೆಬಡಿತ ಮಾತ್ರೆ ನುಂಗಿದ ಮೇಲೂ ಇಳಿಯದಿದ್ದರೆ, ಹೃದಯವನ್ನೂ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ಅಮ್ಮ ಇಡೀ ದಿನ ಸುಮ್ನೆ ಕೂತಿರುತ್ತಾರೆ. ಓದುವುದು, ಫೋನ್ ಮಾಡುವುದು ಎಲ್ಲ ಬಿಟ್ಟಿದ್ದಾರೆ. ಕೇಳಿದರೆ 'ಏನಿಲ್ಲ, ಚೆನ್ನಾಗಿದ್ದೀನಿ' ಅನ್ನುತ್ತಾರೆ. ಇದು ಖಿನ್ನತೆಯೋ ಸೋಮಾರಿತನವೋ?

ಉತ್ತರ: ಸೋಮಾರಿತನ ಅನ್ನುವ ಮಾತನ್ನು ಮೊದಲು ಬಿಟ್ಟುಬಿಡಿ. ಪಾರ್ಕಿನ್ಸನ್ ಇರುವವರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಖಿನ್ನತೆಯ ಲಕ್ಷಣಗಳು ಕಾಣಿಸುತ್ತವೆ, ನಡುಕ ಶುರುವಾಗುವ ಮುಂಚೆಯೇ ಬರುವುದೂ ಉಂಟು. ಆದರೆ ಖಿನ್ನತೆ ಇಲ್ಲದೆಯೂ ಒಂದು ಬಗೆಯ ನಿರಾಸಕ್ತಿ ಬರುತ್ತದೆ. ಖಿನ್ನತೆಯಲ್ಲಿ ದುಃಖ, ತಪ್ಪಿತಸ್ಥ ಭಾವ, ಬದುಕು ಸಾಕು ಅನ್ನುವ ಯೋಚನೆ ಇರುತ್ತದೆ. ನಿರಾಸಕ್ತಿಯಲ್ಲಿ ದುಃಖವೂ ಇರುವುದಿಲ್ಲ, ಎದ್ದು ಏನಾದರೂ ಶುರು ಮಾಡುವ ಒಳಗಿನ ತಳ್ಳು ಇರುವುದಿಲ್ಲ, ಅಷ್ಟೇ. ನಿಮ್ಮಮ್ಮ ಚೆನ್ನಾಗಿದ್ದೀನಿ ಅನ್ನುವುದು ನಿಜವೇ ಇರಬಹುದು. ಇಇಜಿ ಬಗ್ಗೆ ಬರೆದ ಉತ್ತರದಲ್ಲಿ ಹೇಳಿದ ಆ ಅಲೆಯ ಉಬ್ಬನ್ನು ಅಳೆದವರು, ಅದು ಚಿಕ್ಕದಾಗುವುದಕ್ಕೂ ನಿರಾಸಕ್ತಿಗೂ ಸಂಬಂಧ ಇದೆಯಾ ಅಂತಲೂ ಹುಡುಕಿದ್ದಾರೆ.

ಎರಡೂ ಒಟ್ಟಿಗೆ ಇರಬಹುದು, ಮುಖ ನೋಡಿ ಬೇರ್ಪಡಿಸುವುದು ಆಗದ ಮಾತು. ಅದಕ್ಕೇ ತಜ್ಞರ ಹತ್ತಿರ ಹೋಗಬೇಕು ಅನ್ನುವುದು. ಖಿನ್ನತೆಗೆ ಔಷಧಿಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ, ಎರಡೂ ಪಾರ್ಕಿನ್ಸನ್ ಇರುವವರಿಗೆ ಕೆಲಸ ಮಾಡುತ್ತವೆ. ನಿರಾಸಕ್ತಿಗೆ ಮನೆಯವರೇ ಹೊರಗಿನಿಂದ ಶುರು ಮಾಡಿಕೊಡಬೇಕಾಗುತ್ತದೆ. 'ವಾಕಿಂಗ್ ಹೋಗ್ತೀಯಾ?' ಅಂದರೆ ಬೇಡ ಅನ್ನುತ್ತಾರೆ. ಚಪ್ಪಲಿ ಮುಂದಿಟ್ಟು 'ಬಾ ಅಮ್ಮ, ಹೋಗೋಣ' ಅಂದರೆ ಏಳುತ್ತಾರೆ. ದಿನಾ ಒಂದೇ ಹೊತ್ತಿಗೆ ಮಾಡಿ. ಬದುಕು ಬೇಡ ಅನ್ನುವ ಮಾತು ಒಂದು ಸಲ ಬಂದರೂ ಕಾಯಬೇಡಿ, ಅವತ್ತೇ ಡಾಕ್ಟರನ್ನು ಕಾಣಿ.

ಪ್ರಶ್ನೆ: ಅಪ್ಪ ಜೀವನದಲ್ಲಿ ಇಸ್ಪೀಟು ಮುಟ್ಟಿದವರಲ್ಲ. ಪಾರ್ಕಿನ್ಸನ್‌ಗೆ ಹೊಸ ಮಾತ್ರೆ ಶುರುವಾದ ಮೇಲೆ ರಾತ್ರಿಯೆಲ್ಲ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುತ್ತಿದ್ದಾರೆ. ನಾಚಿಕೆಯಿಂದ ಯಾರಿಗೂ ಹೇಳಿಲ್ಲ.

ಉತ್ತರ: ನಾಚಿಕೆ ಬೇಡ, ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಅನ್ನುವ ಬಗೆಯ ಮಾತ್ರೆಗಳು ಡೋಪಮೈನ್ ಹಾಗೆಯೇ ಕೆಲಸ ಮಾಡುತ್ತವೆ. ಕೆಲವರಲ್ಲಿ ಜೂಜು, ಅತಿಯಾದ ಖರೀದಿ, ತಿನ್ನುವ ಚಪಲ, ಲೈಂಗಿಕ ಆಸೆ ಕೈಮೀರುತ್ತವೆ. 2010ರಲ್ಲಿ ಪ್ರಕಟವಾದ, 3,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ಈ ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸುಮಾರು 17 ಶೇಕಡಾ ಜನರಿಗೆ ಇಂಥ ತೊಂದರೆ ಇತ್ತು, ತೆಗೆದುಕೊಳ್ಳದವರಲ್ಲಿ ಸುಮಾರು 7 ಶೇಕಡಾ.

2004ರ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಪಾರ್ಕಿನ್ಸನ್ ಇರುವವರು ಡೋಪಮೈನ್ ಔಷಧಿಯ ಮೇಲಿದ್ದಾಗ ಗೆಲುವಿನಿಂದ ಬೇಗ ಕಲಿತರು. ಔಷಧಿ ಇಲ್ಲದಾಗ ಸೋಲಿನಿಂದ ಬೇಗ ಕಲಿತರು. ಅಂದರೆ ಔಷಧಿ ಇರುವಾಗ ಸೋತ ಪೆಟ್ಟು ಮನಸ್ಸಿಗೆ ನಾಟುವುದು ಕಡಿಮೆ. ನಿಮ್ಮಪ್ಪನಿಗೆ ಬೈದು ಫಲವಿಲ್ಲ, ಅವರ ಗುಣ ಕೆಟ್ಟಿಲ್ಲ. ಆದರೆ ಮಾತ್ರೆಯನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ನಿಲ್ಲಿಸಿದರೆ ವಿಪರೀತ ಆತಂಕ, ಕುಗ್ಗು ಬರಬಹುದು. ಡಾಕ್ಟರ್ ಮೆಲ್ಲಗೆ ಇಳಿಸುತ್ತಾರೆ. ಅಲ್ಲಿಯವರೆಗೆ ಬ್ಯಾಂಕಿನ ಆ್ಯಪ್, ಕಾರ್ಡು ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ನನ್ನ ಅಣ್ಣನಿಗೆ ಮಿದುಳಿಗೆ ತಂತಿ ಇಟ್ಟು ಬ್ಯಾಟರಿ ಹಾಕುವ ಆಪರೇಷನ್ ಹೇಳಿದ್ದಾರೆ. ನಡುಕ ಹೋಗುತ್ತದಂತೆ. ಆದರೆ ಮನಸ್ಸು ಬದಲಾಗಿಬಿಡುತ್ತದಾ ಅಂತ ಅತ್ತಿಗೆಗೆ ಹೆದರಿಕೆ.

ಉತ್ತರ: ಅತ್ತಿಗೆಯ ಹೆದರಿಕೆಯಲ್ಲಿ ಅರ್ಥ ಇದೆ, ಆದರೆ ಆಪರೇಷನ್ ಬಿಡುವಷ್ಟು ಹೆದರಬೇಕಿಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಬಿದ್ ಮತ್ತವರ ತಂಡ 1987ರಲ್ಲಿ ಈಗಿನ ಬಗೆಯ ಈ ಚಿಕಿತ್ಸೆಗೆ ದಾರಿ ಮಾಡಿತು, 1990ರ ದಶಕದಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನುವ ಪುಟ್ಟ ಜಾಗಕ್ಕೆ ತಂತಿ ಇಡುವುದು ಶುರುವಾಯಿತು. ಪಾರ್ಕಿನ್ಸನ್‌ನಲ್ಲಿ ಆ ಜಾಗದಲ್ಲಿ ನಾನು ನೆನಪಿಟ್ಟುಕೊಳ್ಳಿ ಅಂದಿದ್ದ ಬೀಟಾ ಅಲೆ ಜೋರಾಗಿರುತ್ತದೆ. ಲೆವೊಡೋಪಾ ಕೊಟ್ಟರೆ ಇಳಿಯುತ್ತದೆ, ತಂತಿಯಲ್ಲಿ ಕರೆಂಟ್ ಬಿಟ್ಟರೂ ಇಳಿಯುತ್ತದೆ, ಬಿಗಿತವೂ ಜೊತೆಗೇ ಇಳಿಯುತ್ತದೆ. ಈಗ ಆ ಬೀಟಾವನ್ನು ತಾನೇ ಕೇಳಿಸಿಕೊಂಡು ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಸಾಧನಗಳೂ ಬಂದಿವೆ. ಅಮೆರಿಕದಲ್ಲಿ 2025ರಲ್ಲಿ ಇಂಥದ್ದಕ್ಕೆ ಒಪ್ಪಿಗೆ ಸಿಕ್ಕಿತು.

ಆದರೆ ಅದೇ ಪುಟ್ಟ ಜಾಗದಲ್ಲಿ ಭಾವನೆಯ ಕೆಲಸವೂ ನಡೆಯುತ್ತದೆ. ತಂತಿ ಇಟ್ಟು ಬ್ಯಾಟರಿ ಜೋಡಿಸುವ ಮುಂಚಿನ ಕೆಲವು ದಿನ, ತಂತಿಯ ತುದಿ ಹೊರಗಿರುವಾಗ, ರೋಗಿಗಳ ಒಪ್ಪಿಗೆ ಪಡೆದು ಸಂಶೋಧಕರು ಅವರಿಗೆ ಚಿತ್ರ ತೋರಿಸಿ ಅಲೆ ದಾಖಲಿಸಿದ್ದಾರೆ. ಭಾವನೆ ಕೆರಳಿಸುವ ಚಿತ್ರ ಬಂದಾಗ ಅಲ್ಲಿ ಆಲ್ಫಾ ಅಲೆ, ಸಾಧಾರಣ ಚಿತ್ರಕ್ಕಿಂತ ಜಾಸ್ತಿ ಕುಗ್ಗಿತು. ತಲೆಯ ಮೇಲಿನ ಟೋಪಿಗೆ ಅಷ್ಟು ಆಳದ ಸದ್ದು ನೇರವಾಗಿ ಸಿಗುವುದಿಲ್ಲ, ಹಾಗಾಗಿ ಆ ರೋಗಿಗಳು ಕೊಟ್ಟ ಮಾಹಿತಿ ಬಹಳ ಅಮೂಲ್ಯ.

1999ರಲ್ಲಿ ಪ್ಯಾರಿಸ್‌ನ ವೈದ್ಯರು ಒಂದು ಘಟನೆ ವರದಿ ಮಾಡಿದರು. ಪಾರ್ಕಿನ್ಸನ್ ಇದ್ದ 65 ವರ್ಷದ ಮಹಿಳೆ, ಮೊದಲು ಖಿನ್ನತೆ ಇದ್ದವರಲ್ಲ. ನಡುಕ ಬಿಗಿತಕ್ಕೆ ಅನುಕೂಲವಾಗುವ ಜಾಗಕ್ಕಿಂತ ಕೆಲವೇ ಮಿಲಿಮೀಟರ್ ಕೆಳಗಿನ ತುದಿಯಲ್ಲಿ ಕರೆಂಟ್ ಬಿಟ್ಟು ನೋಡಿದಾಗ, ಸೆಕೆಂಡುಗಳಲ್ಲಿ ಅವರ ಮುಖ ಇಳಿದುಹೋಯಿತು, ಅಳಲು ಶುರು ಮಾಡಿದರು, ಬದುಕುವುದೇ ಬೇಡ ಅಂದರು. ಕರೆಂಟ್ ನಿಲ್ಲಿಸಿದರು. ಒಂದೂವರೆ ನಿಮಿಷದೊಳಗೆ ಎಲ್ಲ ಹೋಗಿ ಮೊದಲಿನ ಹಾಗಾದರು. ಇಂಥದ್ದು ಅಪರೂಪ. ಆದರೆ ತಂತಿಯ ಯಾವ ಬಿಂದುವಿನಲ್ಲಿ ಎಷ್ಟು ಕರೆಂಟ್ ಬಿಡುತ್ತೇವೆ ಅನ್ನುವುದು ಮನಸ್ಸಿಗೂ ಎಷ್ಟು ಮುಖ್ಯ ಅಂತ ಇದರಿಂದ ಗೊತ್ತಾಗುತ್ತದೆ ಅಲ್ವಾ?

ಆಪರೇಷನ್‌ಗೆ ಮುಂಚೆ ಮನಸ್ಸಿನ ಪರೀಕ್ಷೆ ಮಾಡುತ್ತಾರಾ ಅಂತ ಕೇಳಿ, ಒಳ್ಳೆಯ ಕೇಂದ್ರಗಳಲ್ಲಿ ಮಾಡಿಯೇ ಮಾಡುತ್ತಾರೆ. ಅಣ್ಣನಿಗೆ ಹಿಂದೆ ಖಿನ್ನತೆ ಬಂದಿದ್ದರೆ ಮುಚ್ಚಿಡಬೇಡಿ. ಆಪರೇಷನ್ ಆದ ಮೇಲೆ ಕರೆಂಟ್ ಹೊಂದಿಸಲು ಹಲವು ಸಲ ಕರೆಯುತ್ತಾರೆ, ಪ್ರತಿ ಸಲವೂ ಅತ್ತಿಗೆ ಜೊತೆಗೆ ಹೋಗಲಿ. ಔಷಧಿಯನ್ನು ಒಟ್ಟಿಗೇ ಇಳಿಸುವುದರಿಂದಲೂ ಮೊದಲ ತಿಂಗಳುಗಳಲ್ಲಿ ಮನಸ್ಸು ಕುಗ್ಗಬಹುದು, ಅಥವಾ ಅತಿಯಾದ ಉತ್ಸಾಹ, ಸಿಟ್ಟು ಬರಬಹುದು. ಅಣ್ಣನಿಗೆ ಅದು ಗೊತ್ತಾಗದೇ ಇರಬಹುದು, ಜೊತೆಗಿರುವವರಿಗೆ ಗೊತ್ತಾಗುತ್ತದೆ. ಅಂಥ ಬದಲಾವಣೆ ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿ ಹೇಳಿ. ಕರೆಂಟನ್ನೂ ಮಾತ್ರೆಯನ್ನೂ ಮತ್ತೆ ಹೊಂದಿಸಬಹುದು, ಬೇಕಾದರೆ ತಂತಿಯ ಬೇರೆ ಬಿಂದುವಿಗೆ ಬದಲಾಯಿಸಲೂಬಹುದು.